ತಿರುಗದೆ ಉಳಿದ ತಲೆ

ಆ ಮನೆಯ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಅರ್ಧ ಗೇಣು ಆಚೆ ಸರಿದರೂ ಸಾಕು, ಜಗಳ ಶುರುವಾಗುತ್ತಿತ್ತು.

"ಯಾರು ಮುಟ್ಟಿದ್ದು ಇದನ್ನ?" ಎಂದು ಅತ್ತೆ ಒಲೆಯ ಮುಂದಿನಿಂದಲೇ ಕೂಗುತ್ತಿದ್ದರು. "ಇಟ್ಟ ಜಾಗದಲ್ಲಿ ಇಡೋಕೆ ಏನು ರೋಗ ನಿಮಗೆಲ್ಲ?"

"ನಾನೇ ಅತ್ತೆ. ಒರೆಸಿ ಇಟ್ಟೆ."

"ಒರೆಸಬೇಡ ಅಂದೆನಾ? ಒರೆಸಿದ ಮೇಲೆ ಅಲ್ಲೇ ಇಡು. ಎಡಗಡೆ ಉಪ್ಪು, ಪಕ್ಕದಲ್ಲಿ ಸಕ್ಕರೆ, ಅದರ ಹಿಂದೆ ಚಹಾಪುಡಿ. ಇಷ್ಟು ಕಲಿಯೋಕೆ ಕಾಲೇಜಿಗೆ ಹೋಗಬೇಕಾ?"

ಸೊಸೆ ಹಲ್ಲು ಕಚ್ಚಿಕೊಂಡು ಡಬ್ಬಿಯನ್ನು ಸರಿಸಿಡುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೊದಲ ಸಂಬಳ ಕೈಗೆ ಬಂದ ಸಂಭ್ರಮಕ್ಕೆ, ಅವಳು ಒಂದೇ ಅಳತೆಯ ಒಂದೇ ಬಣ್ಣದ ಡಬ್ಬಿಗಳ ಸೆಟ್ಟೊಂದನ್ನು ತಂದಿದ್ದಳು. ಅತ್ತೆ ಅದನ್ನು ಎರಡು ದಿನವೂ ಶೆಲ್ಫಿನ ಮೇಲೆ ಇರಗೊಡಲಿಲ್ಲ.

"ಎಲ್ಲ ಒಂದೇ ಥರ ಇದ್ರೆ ಯಾವುದರಲ್ಲಿ ಏನಿದೆ ಅಂತ ಹೇಗೆ ಗೊತ್ತಾಗತ್ತೆ?"

"ಚೀಟಿ ಅಂಟಿಸ್ತೀನಿ ಅತ್ತೆ."

"ಚೀಟಿ ಓದ್ಕೊಂಡು ಅಡುಗೆ ಮಾಡೋಕೆ ಇದೇನು ಔಷಧಿ ಅಂಗಡೀನಾ?"

ಡಬ್ಬಿಗಳು ಮಂಚದ ಕೆಳಗೆ ಹೋದವು. ಆಗ ಸೊಸೆಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಅತ್ತೆಯಂದಿರು ವಯಸ್ಸಾದ ಮೇಲೆ ಬೇರೆ ಏನೂ ಉಳಿಯದೆ ಡಬ್ಬಿಗಳ ಮೇಲೆ ದರ್ಬಾರು ನಡೆಸುತ್ತಾರೆ ಎಂದು ಅವಳು ಗಂಡನಿಗೆ ಹೇಳಿಯೂ ಇದ್ದಳು. ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಜನ ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡು ಬೊಬ್ಬೆ ಹೊಡೆಯುವುದನ್ನು ಕೇಳಿಸಿಕೊಂಡೇ ಬದುಕುವವನು. ಅಮ್ಮ ಮತ್ತು ಹೆಂಡತಿಯ ನಡುವೆ ಮಾತ್ರ ಅವನು ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋಗಿಬಿಡುತ್ತಿದ್ದ.

ನ್ಯಾಯವಾಗಿ ಹೇಳಬೇಕೆಂದರೆ, ಸೊಸೆ ಕೆಲಸಕ್ಕೆ ಹೋಗುವಂತಾದದ್ದು ಅದೇ ಅತ್ತೆಯಿಂದ. ವಿಜ್ಞಾನ ಮ್ಯೂಸಿಯಮ್ಮಿನಲ್ಲಿ ಹೊಸದಾಗಿ ತಾರಾಲಯ ಕಟ್ಟಿದ್ದರು. ತಲೆಯ ಮೇಲೆ ಬೋರಲು ಹಾಕಿದ ಬೋಗುಣಿಯಂಥ ಗುಮ್ಮಟ, ಅದೇ ಪರದೆ. ಬೆಳಿಗ್ಗೆ ಅದರ ಮೇಲೆ ನಕ್ಷತ್ರ, ಮಧ್ಯಾಹ್ನದ ಮೇಲೆ ಕಡಲು, ಕಣಿವೆ, ಹಿಮದ ಬೆಟ್ಟಗಳ ದೊಡ್ಡ ದೊಡ್ಡ ಸಿನಿಮಾ. ಅಲ್ಲಿ ಜನರನ್ನು ಕೂರಿಸುವುದಕ್ಕೆ ಹೆಂಗಸರು ಬೇಕಿದ್ದರು. ನಿವೃತ್ತ ಬಸ್ ಡ್ರೈವರ್ ಆಗಿದ್ದ ಮಾವ ಸುದ್ದಿ ಕೇಳಿದ ಕೂಡಲೇ ಮೂಗು ಮುರಿದರು.

"ಆಕಾಶ ಎಲ್ಲರಿಗೂ ಪುಕ್ಕಟೆ ಕಾಣತ್ತೆ. ಅದಕ್ಕೂ ಟಿಕೆಟ್ಟು! ಕತ್ತಲೆಕೋಣೆ ಕಾಯೋದು ಒಂದು ಕೆಲಸಾನಾ? ಮಗೂನ ಯಾರು ನೋಡ್ಕೋತಾರೆ?"

"ನಾನು ನೋಡ್ಕೋತೀನಿ," ಎಂದಿದ್ದರು ಅತ್ತೆ. "ನಿಮ್ಮ ಮಗನ್ನ ಸಾಕಿದ್ದು ಯಾರು, ಬಸ್ಸಾ? ಹೋಗಮ್ಮ ನೀನು."

ಅಂದಿನಿಂದ ಮನೆ ಅತ್ತೆಯ ಮೇಲೆ ನಿಂತಿತು. ಬೆಳಗಿನ ಅಡುಗೆ, ಮಗುವಿನ ಸ್ನಾನ, ಮಧ್ಯಾಹ್ನದ ನಿದ್ದೆ, ಮಾವನ ಮೂರು ಹೊತ್ತಿನ ಚಹಾ, ಎಲ್ಲವೂ. ಮಗುವಿಗೆ ಇನ್ನೂ ಶಾಲೆಯ ವಯಸ್ಸಾಗಿರಲಿಲ್ಲ. ಅವಳನ್ನು ಮನೆಯವರೆಲ್ಲ ರೇಡಿಯೋ ಎಂದು ಕರೆಯುತ್ತಿದ್ದರು. ಕಣ್ಣಿಗೆ ಬಿದ್ದದ್ದನ್ನೆಲ್ಲ ವರದಿ ಮಾಡದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. "ಬಾಗಿಲು ಬಂತು ಅಜ್ಜಿ. ಮೆಟ್ಟಿಲು ಬಂತು ಅಜ್ಜಿ. ತಾತನ ಚಪ್ಪಲಿ ಅಡ್ಡ ಇದೆ ಅಜ್ಜಿ." ಅಜ್ಜಿ ಮೊಮ್ಮಗಳು ಕೈ ಹಿಡಿದುಕೊಂಡು ತರಕಾರಿಗೆ ಹೊರಟರೆ ಮೂರನೆಯ ಮಹಡಿಯಿಂದ ಕೆಳಗಿನ ಗೇಟಿನವರೆಗೂ ಆ ಪ್ರಸಾರ ಕೇಳುತ್ತಿತ್ತು. ಮಗುವಿನ ಬಾಯಿ ಚುರುಕು ಎಂದು ಸೊಸೆ ಹೆಮ್ಮೆಪಡುತ್ತಿದ್ದಳು.

ಅವಳ ಕೆಲಸ ಅವಳಿಗೆ ಹಿಡಿಸಿತ್ತು. ನೀಲಿ ಕೋಟು, ಕೈಯಲ್ಲಿ ಪುಟ್ಟ ಟಾರ್ಚು. ಜನರನ್ನು ಕೂರಿಸಿ, ಬಾಗಿಲು ಮುಚ್ಚಿ, ಪಕ್ಕದ ಮಡಿಸುವ ಸೀಟಿನಲ್ಲಿ ಕೂರಬೇಕು. ಮೊದಲ ದಿನವೇ ಮೇಲ್ವಿಚಾರಕಿ ಹೇಳಿದ್ದಳು: "ನೀವು ನೋಡಬೇಕಾದ್ದು ಪರದೆ ಅಲ್ಲ, ಜನ. ಆ ಗುಮ್ಮಟದ ಕೆಳಗೆ ನೆಲ ಜಾರಿದ ಹಾಗಾಗತ್ತೆ. ತಲೆ ಸುತ್ತತ್ತೆ, ವಾಂತಿ ಬರತ್ತೆ. ಯಾರ ತಲೆ ಬಾಗ್ತಿದೆ, ಯಾರು ಕಣ್ಣು ಮುಚ್ಕೊಂಡ್ರು, ಯಾರು ಪಕ್ಕದವರ ಕೈ ಹಿಡ್ಕೊಂಡ್ರು, ನೋಡ್ತಾ ಇರಿ. ಅವರು ಕರೆಯೋ ಮುಂಚೆ ನೀವು ಅಲ್ಲಿರಬೇಕು."

ಹೀಗಾಗಿ ಅವಳು ಒಂದು ಪ್ರದರ್ಶನವನ್ನೂ ಪೂರ್ತಿ ನೋಡಿರಲಿಲ್ಲ, ಆದರೆ ಮುಖಗಳನ್ನು ನೋಡಿ ಎಲ್ಲ ಪ್ರದರ್ಶನವೂ ಬಾಯಿಪಾಠವಾಗಿತ್ತು. ಧೂಮಕೇತು ಎಡದಿಂದ ಹೊರಟರೆ ಎಲ್ಲ ತಲೆಗಳೂ ಎಡಕ್ಕೆ ಹೊರಳಿ, ಮೆಲ್ಲಗೆ ಬಲಕ್ಕೆ ಬರುತ್ತವೆ. ಗಾಳಿಗೆ ಬಗ್ಗುವ ಪೈರಿನ ಹಾಗೆ. ಹಾಗೆ ತಿರುಗದೆ ಉಳಿದ ತಲೆಯೇ ಅವಳ ಗಿರಾಕಿ. ಟಾರ್ಚು ಹಿಡಿದು ಹೋಗಿ ಮೆಲ್ಲಗೆ ಹೊರಗೆ ಕರೆದುಕೊಂಡು ಬರುತ್ತಿದ್ದಳು. ಸದ್ಯಕ್ಕೆ ಅವಳದು ತಾತ್ಕಾಲಿಕ ನೌಕರಿ. ಕೆಲವು ವಾರಗಳಲ್ಲಿ ಒಂದಿಬ್ಬರನ್ನು ಕಾಯಂ ಮಾಡುತ್ತಾರೆ, ಅಲ್ಲಿಯವರೆಗೆ ಒಂದು ದಿನ ತಪ್ಪಿಸಿದರೂ ಹೆಸರು ಕೈಬಿಡುತ್ತಾರೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಕಾಯಂ ಎಂಬ ಮಾತಿನ ಮೇಲೆ ಅವಳು ಪ್ರಾಣವನ್ನೇ ಇಟ್ಟುಕೊಂಡಿದ್ದಳು.

ನೌಕರರ ಮನೆಯವರಿಗೆಂದು ಒಂದು ಬೆಳಿಗ್ಗೆ ಪ್ರದರ್ಶನ ಇಟ್ಟರು. ಅದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಕುಣಿದವರು ಮಾವ.

"ಮೊದಲ ಸಾಲಿನಲ್ಲಿ ಜಾಗ ಇಟ್ಟಿರು. ಇಷ್ಟು ವರ್ಷ ಬಸ್ಸು ಓಡಿಸಿದ್ದೀನಿ, ಒಂದು ಕನ್ನಡಕ ಹಾಕಿಲ್ಲ. ನೋಡೋಣ ಏನು ತೋರಿಸ್ತಾರೋ."

"ಕತ್ತಲೆಕೋಣೆ ಅಂದ್ರಲ್ಲ ಮಾವ?"

"ಕತ್ತಲೆಕೋಣೇನೇ. ಆದ್ರೂ ನೋಡೋಣ."

"ನಾನು ಬರಲ್ಲ," ಎಂದರು ಅತ್ತೆ. "ಮಂಡಿ ನೋವು. ನೀವೆಲ್ಲ ಹೋಗಿ ಬನ್ನಿ."

"ಅಮ್ಮ, ಮಂಡಿ ನೋವಿಗೆ ಅಲ್ಲಿ ಲಿಫ್ಟ್ ಇದೆ. ನಾನೇ ರಿಪೇರಿ ಮಾಡಿದ್ದು," ಎಂದ ಮಗ.

"ನೀನು ರಿಪೇರಿ ಮಾಡಿದ್ದು ಅಂದ ಮೇಲೆ ಇನ್ನೂ ಭಯ." ಎಲ್ಲರೂ ನಕ್ಕರು. ಆದರೆ ಮಗ ಬಿಡಲಿಲ್ಲ. ಸೊಸೆಯೂ ಬಿಡಲಿಲ್ಲ, ತಾನು ನೀಲಿ ಕೋಟಿನಲ್ಲಿ ನಿಂತಿರುವುದನ್ನು ಅತ್ತೆ ಒಮ್ಮೆ ನೋಡಲಿ ಎಂಬ ಆಸೆ ಅವಳಿಗಿತ್ತು.

ಆ ಬೆಳಿಗ್ಗೆ ಸೊಸೆ ಬಾಗಿಲಲ್ಲಿ ನಿಂತು ತನ್ನ ಮನೆಯವರನ್ನು ತಾನೇ ಒಳಗೆ ಬಿಟ್ಟಳು. ಅತ್ತೆ ರೇಡಿಯೋಳ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದರು. "ಮೆಟ್ಟಿಲು ಅಜ್ಜಿ. ಇನ್ನೊಂದು. ಇನ್ನೊಂದು. ಈಗ ಕುರ್ಚಿ." ಕುರ್ಚಿಗಳು ಹಿಂದಕ್ಕೆ ಒರಗುವಂಥವು. ಮಾವ ಒರಗಿದ್ದೇ "ಆಹಾ" ಎಂದರು. ದೀಪ ಆರಿತು. ನಕ್ಷತ್ರಗಳು ಒಮ್ಮೆಗೇ ಹರಡಿಕೊಂಡವು. ಜನ ಉಸಿರೆಳೆದುಕೊಂಡ ಸದ್ದು ಸೊಸೆಗೆ ದಿನವೂ ಕೇಳುವಂಥದ್ದೇ.

ಅದರ ಬೆನ್ನಿಗೇ ರೇಡಿಯೋ ಶುರುವಾಯಿತು. "ಅಜ್ಜಿ, ನಕ್ಷತ್ರ ಬಂತು! ತುಂಬಾ! ಮೇಲೆ ನೋಡು ಅಜ್ಜಿ, ಬಿಳೀದು. ಈಗ ಒಂದು ಓಡ್ತಿದೆ. ಈ ಕಡೆ ಬಂತು ಅಜ್ಜಿ, ಬಾಗಿಲ ಕಡೆ ಅಲ್ಲ, ನನ್ನ ಕಡೆ!"

ಹಿಂದಿನಿಂದ ಯಾರೋ "ಶ್" ಎಂದರು. ಇನ್ನೊಬ್ಬರೂ ಅಂದರು. ಮೇಲ್ವಿಚಾರಕಿ ಆಚೆ ಬಾಗಿಲಿನಿಂದ ಇತ್ತ ತಿರುಗಿ ನೋಡಿದಳು. ಸೊಸೆಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಗ್ಗಿಕೊಂಡು ಹೋಗಿ ಮಗುವನ್ನು ಎತ್ತಿಕೊಂಡು ಬಂದು ತನ್ನ ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಬೆರಳಿಟ್ಟಳು.

ಅಭ್ಯಾಸಬಲದಿಂದ ಅವಳ ಕಣ್ಣು ಮುಖಗಳ ಮೇಲೆ ಹೋಯಿತು. ಧೂಮಕೇತು ಎಡದಿಂದ ಹೊರಟಿತು. ತಲೆಗಳೆಲ್ಲ ಎಡಕ್ಕೆ ಹೊರಳಿದವು. ಮಾವನದು, ಗಂಡನದು, ಎಲ್ಲರದು. ಒಂದು ತಲೆ ತಿರುಗಲಿಲ್ಲ.

ಅತ್ತೆಗೆ ನಿದ್ದೆ ಬಂದಿರಬೇಕು ಎಂದುಕೊಂಡಳು. ಇಲ್ಲ, ಕಣ್ಣು ತೆರೆದಿತ್ತು. ಧೂಮಕೇತು ಇಡೀ ಗುಮ್ಮಟ ದಾಟಿ ಬಲಕ್ಕೆ ಇಳಿಯುವಾಗಲೂ ಅವರು ನೆಟ್ಟಗೆ ಒಂದೇ ಕಡೆ ನೋಡುತ್ತಿದ್ದರು. ಸುತ್ತಲಿನವರು ನಕ್ಕರೆ, ನಗು ಮುಗಿಯುವ ಹೊತ್ತಿಗೆ ಅವರೂ ನಗುತ್ತಿದ್ದರು. ಆಮೇಲೆ, ಮನೆಯವರಿಗೆಂದು ಅವತ್ತು ಬೆಳಿಗ್ಗೆಯೇ ಇಟ್ಟಿದ್ದ ಕಣಿವೆಯ ಸಿನಿಮಾ. ವಿಮಾನ ಬಂಡೆಗಳ ನಡುವೆ ಧುಮುಕುವಾಗ ಎಲ್ಲರೂ ಕುರ್ಚಿಯ ಕೈ ಹಿಡಿದುಕೊಂಡು ಒಂದು ಪಕ್ಕಕ್ಕೆ ವಾಲಿದರು. ಮಾವ "ಬ್ರೇಕ್ ಹಾಕೋ!" ಎಂದು ಕಿರುಚಿಯೇಬಿಟ್ಟರು. ಅತ್ತೆ ಮಾತ್ರ ಬಸ್‌ಸ್ಟಾಪಿನಲ್ಲಿ ಕೂತವರ ಹಾಗೆ ಕೂತಿದ್ದರು.

ರೇಡಿಯೋ ಅಮ್ಮನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. "ಅಮ್ಮ, ನಾನು ಹೇಳದೆ ಇದ್ರೆ ಅಜ್ಜಿಗೆ ಗೊತ್ತಾಗಲ್ಲ."

ಸೊಸೆ ಮಗುವಿನ ಬಾಯಿಯ ಮೇಲಿಂದ ಬೆರಳು ತೆಗೆದಳು.

ಕೆಳಗಿನ ಕ್ಯಾಂಟೀನಿನಲ್ಲಿ ಎಲ್ಲರೂ ಚಹಾ ಕುಡಿದರು. ಮಾವನಿಗೆ ಬಾಯಿ ನಿಲ್ಲಲಿಲ್ಲ. "ಆ ಪೈಲಟ್ಟು ನನ್ನ ಕೈಗೆ ಸಿಗಬೇಕಿತ್ತು" ಎಂದು ಅವರು ಮೇಜು ತಟ್ಟಿ ಹೇಳುತ್ತಿದ್ದರು.

"ಅಮ್ಮ, ನಿನಗೆ ಹೇಗನ್ನಿಸ್ತು?" ಎಂದು ಮಗ ಕೇಳಿದ.

"ಅಬ್ಬ, ಎಷ್ಟು ನಕ್ಷತ್ರ! ಬೆಳ್ಳಗೆ. ಒಂದಂತೂ ಈ ಕಡೆಯಿಂದ ಆ ಕಡೆಗೆ ಓಡ್ತಲ್ಲ," ಎಂದರು ಅತ್ತೆ. ಮಗು ಹೇಳಿದ್ದನ್ನೇ ಹೇಳಿದರು. ಸೊಸೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದುಕೊಂಡೇ ಇದ್ದಳು. ಅದು ಮುರಿದು ಲೋಟದೊಳಗೆ ಬಿತ್ತು.

ಆ ಸಂಜೆ ಅವಳು ಮಾಡಿದ್ದು ಒಳ್ಳೆಯ ಕೆಲಸವಲ್ಲ. ಅತ್ತೆ ಬೇಳೆಗೆ ಒಗ್ಗರಣೆ ಹಾಕುತ್ತಿದ್ದಾಗ ಸದ್ದಿಲ್ಲದೆ ಉಪ್ಪಿನ ಡಬ್ಬಿ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅತ್ತೆಯ ಕೈ ಎಡಕ್ಕೆ ಹೋಗಿ ಬರೀ ಹಲಗೆಯನ್ನು ಹಿಡಿಯಿತು. ಬೆರಳುಗಳು ಆಚೆ ಈಚೆ ತಡಕಿದವು. ಡಬ್ಬಿ ಬಲಗಡೆಯ ಕಟ್ಟೆಯ ಮೇಲೇ, ಒಂದು ಮೊಳ ದೂರದಲ್ಲಿತ್ತು. ಅತ್ತೆ ಈ ಸಲ ಕೂಗಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಎಲ್ಲಿಟ್ಟೆ?" ಎಂದರು ಮೆಲ್ಲಗೆ.

"ಯಾವಾಗಿನಿಂದ ಅತ್ತೆ?"

"ಬಾಗಿಲು ಹಾಕು ಮೊದಲು." ಸೊಸೆ ಬಾಗಿಲು ಹಾಕಿದಳು. "ಎದುರಿಗಿರೋದು ಕಾಣತ್ತೆ. ಸುತ್ತ ಇರೋದು ಕಾಣಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ಕತ್ತಲಲ್ಲಿ ಏನೂ ಇಲ್ಲ. ನೀನು ಕೆಲಸಕ್ಕೆ ಸೇರೋ ಮುಂಚೆಯಿಂದಾನೂ ಸ್ವಲ್ಪ ಸ್ವಲ್ಪ."

"ಮತ್ತೆ ಮಗೂನ ನೋಡ್ಕೋತೀನಿ ಅಂದ್ರಲ್ಲ!"

"ನೋಡ್ಕೊಂಡಿಲ್ವಾ? ಒಂದು ಗಾಯ ಆಗಿದೆಯಾ ಅವಳಿಗೆ?"

ಆಗಿರಲಿಲ್ಲ. ಅದು ನಿಜ.

"ಮನೇಲಿ ಯಾರಿಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ಏನಾಗತ್ತೆ ಗೊತ್ತಾ? ನಮ್ಮತ್ತೆಗೆ ಕಣ್ಣು ಹೋದಾಗ ನಾನೇ ಅವರ ಹಾಸಿಗೇನ ಬಾಗಿಲ ಹಿಂದಕ್ಕೆ ಹಾಕಿದ್ದು. ಆಮೇಲೆ ಅವರನ್ನ ಯಾರೂ ಏನೂ ಕೇಳಲಿಲ್ಲ. ಇವತ್ತು ಏನು ಅಡುಗೆ ಮಾಡಲಿ ಅಂತ ಕೂಡ. ಹೊತ್ತು ಹೊತ್ತಿಗೆ ತಟ್ಟೆ ಹೋಗ್ತಿತ್ತು ಅಷ್ಟೇ. ನಾನು ಹಾಗೆ ಕೂರೋಳಲ್ಲ."

ನಾಳೆಯೇ ಆಸ್ಪತ್ರೆಗೆ ಹೋಗೋಣ ಎಂಬ ಮಾತು ಸೊಸೆಯ ನಾಲಿಗೆಯ ತುದಿಯವರೆಗೂ ಬಂದಿತ್ತು. ಹಾಗೆ ಹೇಳಿಬಿಟ್ಟಿದ್ದರೆ ಈ ಕಥೆಯನ್ನು ಹೇಳುವ ಅಗತ್ಯವೇ ಇರಲಿಲ್ಲ. ನಾಳೆ ಹೋದರೆ ರಜೆ ಹಾಕಬೇಕು. ಗಂಡನಿಗೆ ತಿಳಿಯುತ್ತದೆ, ಮಾವನಿಗೆ ತಿಳಿಯುತ್ತದೆ, ಆಮೇಲೆ ಮಗುವನ್ನು ನೋಡಿಕೊಳ್ಳಲು ಅವಳೇ ಮನೆಯಲ್ಲಿ ಕೂರಬೇಕು. ನೀಲಿ ಕೋಟು ಬೇರೆ ಯಾರದೋ ಮೈಮೇಲೆ ಹೋಗುತ್ತದೆ.

"ಇನ್ನು ಕೆಲವೇ ವಾರ ಅತ್ತೆ," ಎಂದಳು. "ನನ್ನದು ಕಾಯಂ ಆಗಿಬಿಡಲಿ. ಆಮೇಲೆ ನಾನೇ ದೊಡ್ಡ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದರು ಅತ್ತೆ. ಅವರ ದನಿಯಲ್ಲಿ ಸಮಾಧಾನವಿತ್ತು. "ಯಾರಿಗೂ ಹೇಳಬೇಡ."

ಮದುವೆಯಾಗಿ ಬಂದಾಗಿನಿಂದ ಅವರಿಬ್ಬರೂ ಜಗಳವಾಡದೆ ಒಪ್ಪಿಕೊಂಡ ಮೊದಲ ವಿಷಯ ಅದು.

ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಹಿಂದೆಂದೂ ಇಲ್ಲದ ಶಾಂತಿ ನೆಲೆಸಿತು. ಸೊಸೆ ಬೆಳಿಗ್ಗೆ ಬೇಗ ಎದ್ದು ತರಕಾರಿ ಹೆಚ್ಚಿಟ್ಟು, ಅಕ್ಕಿ ಆರಿಸಿಟ್ಟು, ಡಬ್ಬಿಗಳನ್ನು ಅತ್ತೆ ಹೇಳಿದಲ್ಲೇ ಜೋಡಿಸುತ್ತಿದ್ದಳು. ಸಕ್ಕರೆ ಡಬ್ಬಿಗೆ ರಬ್ಬರ್ ಬ್ಯಾಂಡು ಸುತ್ತಿದಳು. ಚಾಕುವನ್ನು ಮೇಲಿನ ಗೂಡಿಗೆ ಸೇರಿಸಿದಳು. ಮಾವನ ಚಪ್ಪಲಿಯನ್ನು ಗೋಡೆಗೆ ಒತ್ತಿ ಇಡುತ್ತಿದ್ದಳು.

"ಏನಿದು, ಅತ್ತೆ ಸೊಸೆ ಒಂದಾಗಿಬಿಟ್ರಿ?" ಎಂದು ಮಾವ ಊಟಕ್ಕೆ ಕೂತಾಗ ಕೇಳಿದರು. "ಪಲ್ಯಕ್ಕೆ ಉಪ್ಪೂ ಸರಿಯಾಗಿದೆ. ಏನೋ ಸಂಚು ನಡೀತಿದೆ."

"ಚೆನ್ನಾಗಿದ್ರೂ ಕಷ್ಟ ನಿಮಗೆ," ಎಂದರು ಅತ್ತೆ. "ಊಟ ಮಾಡಿ."

ಗಂಡನಂತೂ ಹಿಗ್ಗಿಹೋದ. "ನಿನ್ನ ಕೆಲಸ ನಿನಗೆ ಒಳ್ಳೇ ಬುದ್ಧಿ ಕೊಡ್ತು ನೋಡು," ಎಂದು ಹೆಂಡತಿಗೆ ಹೇಳಿದ.

ಮ್ಯೂಸಿಯಮ್ಮಿನ ದೊಡ್ಡ ಅಧಿಕಾರಿಗಳು ತಾತ್ಕಾಲಿಕದವರ ಕೆಲಸ ನೋಡಲು ಬರುವ ದಿನ ಗೊತ್ತಾಯಿತು. ಆ ದಿನ ಬೆಳಿಗ್ಗೆ ಸೊಸೆ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಅತ್ತೆ ಗೋಡೆ ಹಿಡಿದುಕೊಂಡು ಬಂದರು.

"ತಲೆ ಸಿಡಿದುಹೋಗ್ತಿದೆ ಕಣೇ. ಬಲಗಣ್ಣನ್ನ ಯಾರೋ ಹಿಂಡಿದ ಹಾಗಾಗ್ತಿದೆ. ಬಲ್ಬಿನ ಸುತ್ತ ಬಣ್ಣ ಬಣ್ಣದ ಬಳೆ ಕಾಣ್ತಿದೆ."

ಸೊಸೆ ನೋಡಿದಳು. ಬಲಗಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಅವಳು ನೋಡಿದಳು ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಆಮೇಲೆ ಎಷ್ಟೋ ಸಲ ಅವಳು ಅದನ್ನು ತಾನು ಸರಿಯಾಗಿ ನೋಡಿರಲಿಲ್ಲ ಎಂದುಕೊಳ್ಳಲು ಹೆಣಗಿದಳು.

"ಮಾತ್ರೆ ಕೊಡ್ತೀನಿ ಅತ್ತೆ, ಮಲಗಿ. ಇವತ್ತು ಒಂದು ದಿನ. ಇವತ್ತು ಅವರೆಲ್ಲ ಬರ್ತಾರೆ. ಇವತ್ತು ತಪ್ಪಿಸಿದ್ರೆ ಎಲ್ಲ ನೀರಿನಲ್ಲಿ ಹೋಮ ಆಗತ್ತೆ."

ಅತ್ತೆ ಇರು ಅಂದಿದ್ದರೆ ಸೊಸೆ ಇರುತ್ತಿದ್ದಳೋ ಏನೋ. ಅವರು ಅನ್ನಲಿಲ್ಲ.

"ಹೋಗು," ಎಂದರು. "ಒಂದು ತಲೆನೋವಿಗೆ ಸಾಯ್ತೀನಾ?"

ಗಂಡ ಆಗಲೇ ಕೆಲಸಕ್ಕೆ ಹೋಗಿದ್ದ. ಮಾವ ಪಾರ್ಕಿನಿಂದ ಬಂದಾಗ ಅತ್ತೆ ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದರು, ರೇಡಿಯೋ ಪಕ್ಕದಲ್ಲಿ ಚೊಂಬು ಹಿಡಿದು ನಿಂತಿದ್ದಳು.

"ಏನಾಯ್ತೇ?"

"ಏನಿಲ್ಲ. ನಿನ್ನೆ ತಿಂದದ್ದು ಹಿಡಿಸಲಿಲ್ಲ."

"ಅಜ್ಜಿಗೆ ಕಣ್ಣು ನೋವು ತಾತ," ಎಂದಳು ರೇಡಿಯೋ.

"ವಾಂತಿ ಮಾಡಿದ್ರೆ ಕಣ್ಣಲ್ಲಿ ನೀರು ಬರತ್ತೆ ಪುಟ್ಟಿ." ಮಾವ ನಿಂಬೆರಸ ಮಾಡಿ ತಂದುಕೊಟ್ಟರು, ಸಕ್ಕರೆಯ ಬದಲು ಉಪ್ಪು ಹೆಚ್ಚಾಗಿ ಹಾಕಿ. ಅತ್ತೆ ಕುಡಿದರು. ಮಧ್ಯಾಹ್ನ ಅನ್ನ ಆಗಲಿಲ್ಲ. ಮಾವ ಬ್ರೆಡ್ಡು ತಂದು, ಅಡುಗೆಯಿಲ್ಲದ ಮನೆಯನ್ನು ಬೈದುಕೊಂಡೇ ಮಗುವಿಗೂ ಕೊಟ್ಟು ತಾವೂ ತಿಂದರು.

ಅದೇ ಹೊತ್ತಿಗೆ ತಾರಾಲಯದಲ್ಲಿ ಒಬ್ಬ ಮುದುಕಿಯ ತಲೆ ಬಾಗಿತು. ಅಧಿಕಾರಿಗಳು ಹಿಂದಿನ ಸಾಲಿನಲ್ಲಿ ಕೂತಿದ್ದರು. ಆ ಮುದುಕಿ ಕೈ ಎತ್ತುವ ಮುಂಚೆಯೇ ಸೊಸೆ ಅಲ್ಲಿದ್ದಳು. ಸೊಂಟ ಬಳಸಿ ಎಬ್ಬಿಸಿ, ಒಂದೊಂದೇ ಮೆಟ್ಟಿಲು ಹೇಳುತ್ತಾ ಹೊರಗೆ ಕರೆತಂದಳು. ನೀರು ಕುಡಿಸಿದಳು, ಒದ್ದೆ ಬಟ್ಟೆಯಿಂದ ಹಣೆ ಒರೆಸಿದಳು, ಮುಖದಲ್ಲಿ ಕಳೆ ಮರಳುವವರೆಗೂ ಅಂಗೈ ಉಜ್ಜುತ್ತಾ ಕೂತಳು.

"ಯಾವ ಪುಣ್ಯವಂತರ ಸೊಸೆಯೋ ನೀನು," ಎಂದಳು ಮುದುಕಿ. ಅಧಿಕಾರಿಗಳು ಬಾಗಿಲಿನಲ್ಲಿ ನಿಂತು ನೋಡುತ್ತಿದ್ದರು. ಮೇಲ್ವಿಚಾರಕಿ ಹೆಮ್ಮೆಯಿಂದ ತಲೆಯಾಡಿಸಿದಳು.

ಸಂಜೆ ಮನೆಗೆ ಬಂದು "ಕಡಿಮೆ ಆಯ್ತಾ ಅತ್ತೆ?" ಎಂದು ಕೇಳಿದಳು. "ಹೂಂ" ಎಂದರು ಅತ್ತೆ, ಗೋಡೆಯ ಕಡೆ ಹೊರಳಿ. ಅವಳು ಆ ಹೂಂ ಅನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕಾಯಂ ಆದ ಸುದ್ದಿ ಬಂದದ್ದು ಅದಾದ ಮೇಲೆ ಎರಡು ವಾರ ಕಳೆದು. ಅವಳು ಕೇಕು ತಂದಳು. ಮಾವ ಎರಡು ತುಂಡು ತಿಂದು, "ಕತ್ತಲೆಕೋಣೆಯಲ್ಲೂ ಬಡ್ತಿ ಕೊಡ್ತಾರೆ ಅನ್ನು!" ಎಂದರು. ಅತ್ತೆ ತಮ್ಮ ತುಂಡನ್ನು ತಟ್ಟೆಯಲ್ಲಿ ಬೆರಳಿನಿಂದ ಹುಡುಕಿ ಬಾಯಿಗಿಟ್ಟುಕೊಂಡದ್ದನ್ನು ಆ ಗದ್ದಲದಲ್ಲಿ ಸೊಸೆಯೊಬ್ಬಳೇ ಕಂಡಳು. ಮರುದಿನವೇ, ಅಮ್ಮನಿಗೆ ಕಣ್ಣು ಸ್ವಲ್ಪ ಮಬ್ಬಂತೆ ಎಂದು ಅವಳು ಗಂಡನಿಗೆ ಹೇಳಿದಳು, ಮೂವರೂ ಕಣ್ಣಿನ ಆಸ್ಪತ್ರೆಗೆ ಹೋದರು.

ಡಾಕ್ಟರು ಬಹಳ ಹೊತ್ತು ನೋಡಿದರು. ಯಂತ್ರದ ಮುಂದೆ ಕೂರಿಸಿ, ಹನಿ ಹಾಕಿ, ಮತ್ತೆ ನೋಡಿದರು.

"ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆ. ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಲ್ಲಿ ಸ್ವಲ್ಪ ಉಳಿದಿದೆ. ಹೋದದ್ದು ವಾಪಸ್ ಬರಲ್ಲ. ಇತ್ತೀಚೆಗೆ ಜೋರು ತಲೆನೋವು, ವಾಂತಿ ಏನಾದ್ರೂ ಬಂದಿತ್ತಾ? ದೀಪದ ಸುತ್ತ ಬಣ್ಣ ಕಂಡಿತ್ತಾ?"

"ಬಂದಿತ್ತು," ಎಂದರು ಅತ್ತೆ.

"ಅವತ್ತೇ ಬಂದಿದ್ರೆ ಬಲಗಣ್ಣನ್ನ ಸ್ವಲ್ಪಾನಾದ್ರೂ ಉಳಿಸ್ಕೋಬಹುದಿತ್ತಲ್ಲಮ್ಮ! ಮನೆಯವರು ಯಾರೂ ಗಮನಿಸಲಿಲ್ವಾ?"

ಮಗ ಬೆಪ್ಪಾಗಿ ಹೆಂಡತಿಯ ಮುಖ ನೋಡಿದ. "ನಿನಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದು ಹೇಳಲು ಅವಳಿಗೆ ಒಂದು ಗಳಿಗೆ ಇತ್ತು, ನಿಜವಾಗಿಯೂ ಇತ್ತು.

"ಅವಳಿಗೆಲ್ಲಿಂದ ಗೊತ್ತಾಗತ್ತೆ?" ಎಂದರು ಅತ್ತೆ. "ನಾನು ಯಾರಿಗೂ ಹೇಳಲಿಲ್ಲ."

ಮನೆಯಲ್ಲಿ ಮಾವ ಕೂಗಾಡಿದರು. "ನನ್ನ ಕಣ್ಣನ್ನ ವರ್ಷ ವರ್ಷ ಪರೀಕ್ಷೆ ಮಾಡಿಸಿದ್ರು, ಬಸ್ಸಿನವರು. ಮನೇಲಿ ನೀನು ಕುರುಡಾಗ್ತಿದ್ರೂ ಬಾಯಿಬಿಡಲಿಲ್ಲವಲ್ಲೇ! ನಾವೇನು ಸತ್ತು ಹೋಗಿದ್ವಾ?" ಹಾಗೆ ಕೂಗಿದವರು, ದನಿ ಒಡೆದು, ಬಾಲ್ಕನಿಗೆ ಹೋಗಿ ನಿಂತುಕೊಂಡರು.

ಮಗನದು ಬೇರೆ ಚಿಂತೆ. "ಈಗ ಮಗು? ಅಡುಗೆ? ಅಮ್ಮನ್ನ ಯಾರು ನೋಡ್ಕೋತಾರೆ? ನೀನೇ ಸ್ವಲ್ಪ ದಿನ ಕೆಲಸ ಬಿಡಬೇಕಾಗತ್ತೆ."

"ಬಿಡ್ತೀನಿ," ಎಂದಳು ಅವಳು. ಅಷ್ಟು ಬೇಗ ಒಪ್ಪಿಕೊಂಡಾಳೆಂದು ಅವನು ಅಂದುಕೊಂಡಿರಲಿಲ್ಲ. ಒಪ್ಪಿದ ಕೂಡಲೇ ಅವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಇನ್ನು ಮುಂದೆ ಅತ್ತೆಯ ಕೈ ಹಿಡಿದು ನಡೆಸುತ್ತೇನೆ, ಬೈದರೂ ಬೈಸಿಕೊಳ್ಳುತ್ತೇನೆ ಎಂದುಕೊಂಡು ಅಡುಗೆಮನೆಗೆ ಹೋಗಿ ಅದನ್ನೇ ಅತ್ತೆಗೆ ಹೇಳಿದಳು.

ಅತ್ತೆ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾಕೆ ಬಿಡ್ತೀಯ?"

"ನಿಮ್ಮ ಜೊತೆ ಇರ್ತೀನಿ ಅತ್ತೆ."

"ನನಗೋಸ್ಕರಾನಾ, ಇಲ್ಲ ನಿನ್ನ ಮನಸ್ಸು ಹಗುರಾಗಲಿ ಅಂತಾನಾ?"

ಸೊಸೆ ನೆಲಕ್ಕೆ ಬಿದ್ದ ಒಂದು ಬಟಾಣಿ ಎತ್ತಿ ಪಾತ್ರೆಗೆ ಹಾಕಿದಳು.

"ಆ ಕೆಲಸಕ್ಕೆ ನಾನು ಒಂದು ಕಣ್ಣು ಕೊಟ್ಟಿದ್ದೀನಿ. ನೀನು ಈಗ ಅದನ್ನ ಬಿಸಾಕಿ ಬಂದು ಇಲ್ಲಿ ಕೂತ್ರೆ ನನ್ನ ಕಣ್ಣು ಬಿಟ್ಟಿ ಹೋದ ಹಾಗೆ. ನಾಳೆ ಕೋಟು ಹಾಕ್ಕೊಂಡು ಹೋಗು."

"ತಪ್ಪಾಯ್ತು ಅತ್ತೆ. ಅವತ್ತು ನಾನು..."

"ಅವತ್ತು ಹೋಗು ಅಂದದ್ದು ನಾನೇ. ಬಾಯಲ್ಲಿ ಅಂದೆ. ನೀನು ನನ್ನ ಮುಖ ನೋಡಿದೆ, ಕಣ್ಣು ನೋಡಿದೆ. ಊರವರ ಮುಖ ನೋಡೋ ಕೆಲಸ ನಿಂದು, ಆದ್ರೂ ಹೋದೆ. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಅದಕ್ಕಿಂತ ಜಾಸ್ತಿ ನನ್ನ ಹತ್ರ ಕೇಳಬೇಡ."

ಅಂದು ಊಟದ ಹೊತ್ತಿಗೆ ಸೊಸೆ ಅನ್ನ ಕಲಸಿ, ತಟ್ಟೆಯನ್ನು ಅತ್ತೆಯ ಕೈಗೆ ಕೊಡಲು ಹೋದಳು. ಅತ್ತೆ ಕೈ ಚಾಚಲಿಲ್ಲ. "ಅಲ್ಲಿಡು" ಎಂದರು. ಆಮೇಲೆ ನಡುಮನೆಯ ಕಡೆ ಮುಖ ಮಾಡಿ, "ರೀ, ನನಗೊಂಚೂರು ಬಡಿಸ್ತೀರಾ?" ಎಂದರು.

ಹುಟ್ಟಿದಾರಭ್ಯ ಯಾರಿಗೂ ಒಂದು ಲೋಟ ನೀರು ತೋಡಿಕೊಡದ ಮಾವ ತಬ್ಬಿಬ್ಬಾಗಿ ಎದ್ದು ಬಂದರು.

ಹಾಗೆಯೇ ನಡೆಯಿತು. ಸೊಸೆ ಕೆಲಸಕ್ಕೆ ಹೋದಳು. ಮಾವ ಬೈದುಕೊಂಡೇ ಅನ್ನ ಮಾಡುವುದನ್ನು ಕಲಿತರು. ಸ್ಟೂಲಿನ ಮೇಲಿನಿಂದ ಅತ್ತೆ ಹೇಳುತ್ತಿದ್ದರು, ಅವರು ಮಾಡುತ್ತಿದ್ದರು, ಇಬ್ಬರೂ ಕಚ್ಚಾಡುತ್ತಿದ್ದರು. ಅತ್ತೆ ಸೊಸೆಯೊಡನೆ ಮಾತು ಬಿಡಲಿಲ್ಲ. ಬಸ್ಸು ಸಿಕ್ಕಿತಾ, ಜನ ಬಂದಿದ್ರಾ, ಊಟ ಮಾಡಿದೆಯಾ ಎಂದು ಮುಂಚಿಗಿಂತ ಮೆತ್ತಗೇ ಕೇಳುತ್ತಿದ್ದರು. ಅವಳ ಕೈಯಿಂದ ಮಾತ್ರ ಏನನ್ನೂ ತೆಗೆದುಕೊಳ್ಳಲಿಲ್ಲ. ನೀರಿಲ್ಲ, ಟವೆಲಿಲ್ಲ, ಮೆಟ್ಟಿಲಿಳಿಯುವಾಗ ತೋಳೂ ಇಲ್ಲ.

ಎಡಗಣ್ಣಲ್ಲಿ ಉಳಿದದ್ದನ್ನು ಕಾಪಾಡಲು ಡಾಕ್ಟರು ಹನಿ ಬರೆದುಕೊಟ್ಟಿದ್ದರು. ಒಂದು ಹನಿಯೂ ತಪ್ಪಬಾರದು ಎಂದಿದ್ದರು. ಒಂದು ಬೆಳಿಗ್ಗೆ ಸೊಸೆ ಕೋಟು ತೊಟ್ಟು ನಿಂತಿದ್ದಾಗ ಮಾವ ಸೀಸೆ ಹಿಡಿದು ಹೆಂಡತಿಯ ಮೇಲೆ ಬಗ್ಗಿದ್ದರು. ಸ್ಟಿಯರಿಂಗ್ ಹಿಡಿದ ಆ ಕೈಗಳು ಈಗ ನಡುಗುತ್ತಿದ್ದವು. ಮೊದಲ ಹನಿ ಹುಬ್ಬಿನ ಮೇಲೆ ಬಿತ್ತು. ಎರಡನೆಯದು ಮೂಗಿನ ಪಕ್ಕ ಹರಿಯಿತು.

"ಕೊಡಿ ಮಾವ, ನಾನು ಹಾಕ್ತೀನಿ. ನನ್ನ ಕೈ ಅಲುಗಲ್ಲ."

"ಬೇಡ," ಎಂದರು ಅತ್ತೆ, ಮುಖ ಮೇಲೆತ್ತಿಕೊಂಡೇ. "ನಿನಗೆ ಹೊತ್ತಾಗತ್ತೆ. ಹೋಗಮ್ಮ. ರೀ, ನೀವೇ ಹಾಕಿ."

ಮೂರನೆಯ ಹನಿ ಕೆನ್ನೆಗಿಳಿದು ಕಿವಿಯ ಕಡೆ ಹೋಯಿತು.

ಗಂಡ ಟೂಲ್ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಅವನ ಕಣ್ಣು ತುಂಬಿ ಬಂದಿತ್ತು. ಮೆಟ್ಟಿಲಿಳಿಯುವಾಗ ಹೆಂಡತಿಯ ಭುಜದ ಮೇಲೆ ಕೈಯಿಟ್ಟ.

"ನೋಡಿದ್ಯಾ? ಅಷ್ಟು ಕಷ್ಟದಲ್ಲೂ ನಿನಗೆ ತೊಂದ್ರೆ ಆಗಬಾರದು ಅಂತ ಅಪ್ಪನ ಹತ್ರಾನೇ ಹಾಕಿಸ್ಕೋತಾಳೆ. ನಿನ್ನ ಕಂಡ್ರೆ ಎಷ್ಟು ಪ್ರೀತಿ ಅಮ್ಮನಿಗೆ!"

"ಹೌದು ರೀ," ಎಂದಳು ಅವಳು.